ರೋಗವೋ, ರೋಧವೋ?

ಒಂದು ವಿದ್ಯುತ್ಕೋಶ, ಎರಡು ತಂತಿ, ಒಂದು ಪುಟ್ಟ ದೀಪ, ಇಷ್ಟನ್ನು ಜೋಡಿಸಿ ಮಂಡಲವನ್ನು ಪೂರ್ಣಮಾಡಿದರೆ ದೀಪವು ಉರಿಯಬೇಕು. ಉರಿಯುವುದೇನೋ ಉರಿಯಿತು, ಆದರೆ ತೀರ ಮಂಕಾಗಿ ಉರಿಯಿತು ಎನ್ನೋಣ. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಇಂಥ ಸಂದರ್ಭ ಒದಗಿದಾಗ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಥಟ್ಟನೆ ಆಡುವ ಮಾತು, “ದೀಪ ಕೆಟ್ಟಿದೆ” ಎಂಬುದು. ಅನುಭವವುಳ್ಳ ಉಪಾಧ್ಯಾಯರು ದೀಪವನ್ನು ಎಸೆದುಬಿಡುವುದಿಲ್ಲ. ಅದನ್ನು ಬಿಚ್ಚಿ, ಚೆನ್ನಾಗಿ ಕೆಲಸಮಾಡುತ್ತಿರುವ ಬೇರೊಂದು ಮಂಡಲದಲ್ಲಿಟ್ಟು ನೋಡುತ್ತಾರೆ. ಅಲ್ಲಿ ಅದು ಪ್ರಕಾಶಮಾನವಾಗಿ ಉರಿದರೆ ದೋಷವಿರುವುದು ದಾರಿಯಲ್ಲಿ ಎಂದು ಸಿದ್ಧವಾಗುತ್ತದೆ. ತಂತಿಯ ತುದಿಗೆ ಕಿಲುಬು ಹಿಡಿದಿರಬಹುದು, ತಿರುಪು ಸಡಿಲವಾಗಿರಬಹುದು. ವಿದ್ಯುತ್ತಿನ ಹರಿವಿಗೆ ಹೀಗೆ ಅಡ್ಡಬರುವ ಗುಣವನ್ನು ನಾವು ರೋಧವೆಂದು ಕರೆಯುತ್ತೇವಷ್ಟೆ.

ಒಂದು ಜನವರ್ಗದಲ್ಲಿ ಮಿಕ್ಕವರಿಗಿಂತ ಹೆಚ್ಚು ಅನಾರೋಗ್ಯ ಕಂಡುಬಂದಾಗಲೂ ಇದೇ ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ದೋಷವು ಆ ಜನರ ಪ್ರಕೃತಿಯಲ್ಲಿಯೇ ಇದೆಯೋ, ಅಥವಾ ಅವರಿಗೂ ಆರೋಗ್ಯಕ್ಕೂ ನಡುವಣ ದಾರಿಯಲ್ಲಿ ಇದೆಯೋ? ನಾವು ಭೌತಶಾಸ್ತ್ರವನ್ನು ಕಲಿಸತಕ್ಕವರು, ವೈದ್ಯರಲ್ಲ. ಆದರೆ ಇಂಥ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮವು ಎಲ್ಲ ವಿಜ್ಞಾನಗಳಿಗೂ ಒಂದೇ ಆಗಿರುವುದರಿಂದ, ಲೈಂಗಿಕ ಅಲ್ಪಸಂಖ್ಯಾತರ ಆರೋಗ್ಯದ ವಿಷಯದಲ್ಲಿ ಕಳೆದ ಎಪ್ಪತ್ತು ವರ್ಷಗಳಲ್ಲಿ ತಿಳಿದುಬಂದಿರುವುದನ್ನು ವಾಚಕರ ಮುಂದಿಡಲು ಇಲ್ಲಿ ಪ್ರಯತ್ನಿಸುತ್ತೇವೆ.

ಇವರು ಯಾರು?

ಮನುಷ್ಯರಲ್ಲಿ ಹೆಚ್ಚು ಮಂದಿಗೆ ಅನುರಾಗವುಂಟಾಗುವುದು ತಮಗಿಂತ ಬೇರೆ ಲಿಂಗದವರಲ್ಲಿ. ಕೆಲವರಿಗೆ ತಮ್ಮದೇ ಲಿಂಗದವರಲ್ಲಿ ಅನುರಾಗವುಂಟಾಗುತ್ತದೆ, ಇವರು ಸಲಿಂಗಾನುರಾಗಿಗಳು. ಇನ್ನು ಕೆಲವರಿಗೆ ಎರಡು ಬಗೆಯವರಲ್ಲಿಯೂ ಉಂಟಾಗುವುದುಂಟು, ಇವರು ಉಭಯಾನುರಾಗಿಗಳು. ಇದಕ್ಕಿಂತ ಭಿನ್ನವಾದ ಮತ್ತೊಂದು ಸಂಗತಿಯಿದೆ. ಹುಟ್ಟಿದಾಗ ದೇಹವನ್ನು ನೋಡಿ ಗಂಡು ಅಥವಾ ಹೆಣ್ಣು ಎಂದು ಬರೆದುಕೊಂಡುದಕ್ಕೂ, ಬೆಳೆದಮೇಲೆ ವ್ಯಕ್ತಿಯು ತನ್ನನ್ನು ತಾನು ಅರಿತುಕೊಳ್ಳುವುದಕ್ಕೂ ಕೆಲವರಲ್ಲಿ ಹೊಂದಿಕೆಯಿರುವುದಿಲ್ಲ. ಇವರನ್ನು ಲಿಂಗಾಂತರಿಗಳು ಎನ್ನುತ್ತಾರೆ. ಮೊದಲನೆಯದು ಯಾರಲ್ಲಿ ಅನುರಾಗ ಎಂಬುದಕ್ಕೆ ಸಂಬಂಧಿಸಿದ್ದು. ಎರಡನೆಯದು ತಾನು ಯಾರು ಎಂಬುದಕ್ಕೆ ಸಂಬಂಧಿಸಿದ್ದು. ಇವೆರಡನ್ನೂ ಒಂದರೊಡನೊಂದು ಬೆರಸಬಾರದು. ಎಲ್ಲರನ್ನೂ ಸೇರಿಸಿ ಹೇಳುವಾಗ ಲೈಂಗಿಕ ಅಲ್ಪಸಂಖ್ಯಾತರು ಎಂಬ ಮಾತು ಕನ್ನಡದಲ್ಲಿ ರೂಢಿಗೆ ಬಂದಿದೆ.

ಇವರು ನಮ್ಮ ನಾಡಿಗೆ ಹೊಸಬರಲ್ಲ. ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮನ ಸೇವೆಗೆ ನಿಂತ ಜೋಗಪ್ಪಗಳನ್ನು ಅಲ್ಲಿಯ ಜನರೆಲ್ಲರೂ ಬಲ್ಲರು. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ೨೦೧೧ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬ ಎರಡು ಕಲಮುಗಳ ಜೊತೆಗೆ ‘ಇತರ’ ಎಂಬ ಮೂರನೆಯ ಕಲಮನ್ನೂ ಇಡಲಾಗಿತ್ತು. ಅದರಲ್ಲಿ ದೇಶದೊಳಗೆ ೪,೮೭,೮೦೩ ಮಂದಿಯೂ, ಕರ್ನಾಟಕದಲ್ಲಿ ೨೦,೨೬೬ ಮಂದಿಯೂ ಲೆಕ್ಕಕ್ಕೆ ಸಿಕ್ಕಿದರು. ಮನೆಯವರ ಎದುರಿಗೆ ಹೇಳಿಕೊಳ್ಳಲಾರದ ಮಾತನ್ನು ಗಣತಿದಾರನ ಎದುರಿಗೆ ಹೇಳಿಕೊಳ್ಳುವವರು ಎಷ್ಟು ಮಂದಿ? ಆದುದರಿಂದ ಈ ಸಂಖ್ಯೆಗಳನ್ನು ಕನಿಷ್ಠ ಮಿತಿಯೆಂದು ಮಾತ್ರ ಭಾವಿಸತಕ್ಕದ್ದು. ಸಲಿಂಗಾನುರಾಗಿಗಳನ್ನು ಎಣಿಸುವ ಕಲಮಂತೂ ಆ ಗಣತಿಯಲ್ಲಿ ಇರಲೇ ಇಲ್ಲ.

ವ್ಯತ್ಯಾಸದ ಅಳತೆ

ಆರೋಗ್ಯದಲ್ಲಿ ವ್ಯತ್ಯಾಸವಿದೆಯೆಂಬುದಕ್ಕೆ ಅಳತೆಯೇನು? ಭಾರತದಲ್ಲಿ ಚೆನ್ನಾಗಿ ಅಳೆದಿರುವುದು ಎಚ್‌.ಐ.ವಿ. ಸೋಂಕನ್ನು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ೨೦೧೭ರಲ್ಲಿ ದೇಶದ ಹಲವೆಡೆ ಆಯ್ದ ಕೇಂದ್ರಗಳಲ್ಲಿ ನಡೆಸಿದ ಪರೀಕ್ಷೆಗಳಂತೆ, ಗರ್ಭಿಣಿಯರಲ್ಲಿ ಸೋಂಕು ಕಂಡದ್ದು ನೂರಕ್ಕೆ ೦.೨೮ ಮಂದಿಯಲ್ಲಿ. ಪುರುಷರೊಡನೆ ಸಂಬಂಧವುಳ್ಳ ಪುರುಷರಲ್ಲಿ ಅದು ನೂರಕ್ಕೆ ೨.೬೯, ಹಿಜಡಾ ಮತ್ತು ಲಿಂಗಾಂತರಿ ಸಮುದಾಯದವರಲ್ಲಿ ೩.೧೪. ಎಂದರೆ ಒಂದರಲ್ಲಿ ಸುಮಾರು ಒಂಬತ್ತೂವರೆ ಮಡಿ, ಇನ್ನೊಂದರಲ್ಲಿ ಹನ್ನೊಂದು ಮಡಿ ಹೆಚ್ಚು.

ಈ ಅಂಕಿಗಳನ್ನು ಸರಿಯಾಗಿ ಓದುವುದನ್ನು ಕಲಿಯಬೇಕು. ಲಿಂಗಾಂತರಿಗಳಲ್ಲಿ ಪರೀಕ್ಷೆಗೆ ಬಂದ ನೂರು ಮಂದಿಯಲ್ಲಿ ತೊಂಬತ್ತಾರಕ್ಕೂ ಹೆಚ್ಚು ಮಂದಿಗೆ ಸೋಂಕು ಇರಲಿಲ್ಲವೆಂಬುದನ್ನೂ ಇವೇ ಅಂಕಿಗಳು ಹೇಳುತ್ತವೆ. ದೈಹಿಕ ಸಂಪರ್ಕದ ಬಗೆಗೆ ತಕ್ಕಂತೆ ವೈರಸ್ಸು ದಾಟುವ ಸಂಭವದಲ್ಲಿ ಹೆಚ್ಚು ಕಡಮೆಯುಂಟೆಂಬುದು ನಿಜ. ಆದರೆ ವೈರಸ್ಸಿಗೆ ಜಾತಿ, ಲಿಂಗ, ಅನುರಾಗ ಇವುಗಳ ಪರಿವೆಯಿಲ್ಲ. ರಕ್ಷಣೆಯ ವಿಧಾನವನ್ನು ಬಲ್ಲವರಿಗೆ, ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳುವವರಿಗೆ, ಔಷಧ ದೊರೆತವರಿಗೆ ಅಪಾಯ ತಗ್ಗುತ್ತದೆ; ಇವು ದೊರೆಯದವರಿಗೆ ಹೆಚ್ಚುತ್ತದೆ.

ವ್ಯತ್ಯಾಸ ಕಂಡುಬಂದಿರುವ ಎರಡನೆಯ ಕ್ಷೇತ್ರ ಮಾನಸಿಕ ಆರೋಗ್ಯ. ಖಿನ್ನತೆ ಮತ್ತು ಆತಂಕಗಳು ಈ ಸಮುದಾಯಗಳಲ್ಲಿ ಹೆಚ್ಚೆಂದು ಹಲವು ದೇಶಗಳ ಸಮೀಕ್ಷೆಗಳಿಂದ ತಿಳಿದುಬಂದಿದೆ. ಇದನ್ನು ಕಂಡು ಹಿಂದಿನ ತಲೆಮಾರಿನ ವೈದ್ಯರು ಸುಲಭವಾದೊಂದು ತೀರ್ಮಾನಕ್ಕೆ ಬಂದಿದ್ದರು: ಈ ಅನುರಾಗವೇ ಒಂದು ಮನೋರೋಗ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, “ದೀಪ ಕೆಟ್ಟಿದೆ.”

ದೀಪದ ಪರೀಕ್ಷೆ

ಈ ತೀರ್ಮಾನವನ್ನು ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಎವಲಿನ್ ಹೂಕರ್ ಎಂಬವರು. ಅದುವರೆಗಿನ ಅಧ್ಯಯನಗಳಲ್ಲಿದ್ದ ಒಂದು ಮೂಲದೋಷ ಅವರ ಕಣ್ಣಿಗೆ ಬಿತ್ತು. ವೈದ್ಯರು ಬರೆದಿದ್ದುದೆಲ್ಲ ತಮ್ಮಲ್ಲಿಗೆ ಚಿಕಿತ್ಸೆಗೆಂದು ಬಂದವರ ಅಥವಾ ಸೆರೆಮನೆಯಲ್ಲಿದ್ದವರ ವಿಷಯ. ಆಸ್ಪತ್ರೆಯೊಳಗೆ ಮಾತ್ರ ಜನರನ್ನು ನೋಡಿ, ಊರಿನವರೆಲ್ಲರೂ ರೋಗಿಗಳೆಂದು ಹೇಳಿದರೆ ಹೇಗೋ, ಇದೂ ಹಾಗೆಯೇ.

ಹೂಕರ್ ಅವರು ಚಿಕಿತ್ಸೆಗೆಂದು ಯಾವ ವೈದ್ಯರ ಬಳಿಗೂ ಹೋಗದೆ, ತಮ್ಮಷ್ಟಕ್ಕೆ ಬಾಳುತ್ತಿದ್ದ ೩೦ ಮಂದಿ ಸಲಿಂಗಾನುರಾಗಿ ಪುರುಷರನ್ನು ಆರಿಸಿಕೊಂಡರು. ವಯಸ್ಸು, ವಿದ್ಯೆ, ಬುದ್ಧಿಶಕ್ತಿ ಇವುಗಳಲ್ಲಿ ಅವರಿಗೆ ಸರಿಸಮರಾದ ಬೇರೆ ೩೦ ಮಂದಿ ಪುರುಷರನ್ನೂ ಆರಿಸಿದರು. ಅರವತ್ತು ಮಂದಿಗೂ ಆ ಕಾಲದಲ್ಲಿ ಪ್ರಮಾಣವೆಂದು ಒಪ್ಪಿದ್ದ ಮನಃಪರೀಕ್ಷೆಗಳನ್ನು ನಡೆಸಿದರು. ಶಾಯಿಯ ಕಲೆಗಳನ್ನು ತೋರಿಸಿ ಏನು ಕಾಣುತ್ತದೆಂದು ಕೇಳುವ ರೋರ್ಶಾ ಪರೀಕ್ಷೆಯು ಅವುಗಳಲ್ಲೊಂದು. ಅನಂತರ ಉತ್ತರಗಳ ಮೇಲಿನ ಹೆಸರು ಗುರುತುಗಳನ್ನು ತೆಗೆದುಹಾಕಿ, ಈ ಪರೀಕ್ಷೆಗಳಲ್ಲಿ ನಿಪುಣರೆನಿಸಿದ್ದ ತಜ್ಞರಿಗೆ ಒಪ್ಪಿಸಿದರು. ಯಾವ ಉತ್ತರ ಯಾರದೆಂಬುದು ತಜ್ಞರಿಗೆ ತಿಳಿಯದು. ನೋಡುವವನ ಪೂರ್ವಾಭಿಪ್ರಾಯವು ಅಳತೆಯನ್ನು ಕೆಡಿಸದಂತೆ ಮಾಡುವ ಈ ಉಪಾಯವನ್ನು ಕುರುಡು ಪರೀಕ್ಷೆಯೆಂದು ಕರೆಯುತ್ತಾರೆ. ಹೊಸ ಔಷಧಗಳನ್ನು ಪರೀಕ್ಷಿಸುವಾಗಲೂ ಇದೇ ಕ್ರಮವನ್ನು ಅನುಸರಿಸುತ್ತಾರೆ.

ಫಲಿತಾಂಶವೇನು? ಎರಡು ಗುಂಪುಗಳಲ್ಲಿಯೂ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಯ ಮನಸ್ಥಿತಿಯು ಸಾಧಾರಣ ಅಥವಾ ಅದಕ್ಕಿಂತ ಉತ್ತಮ ಎಂದು ತಜ್ಞರು ತೀರ್ಪಿತ್ತರು. ಜೋಡಿ ಜೋಡಿಯಾಗಿ ಉತ್ತರಗಳನ್ನಿಟ್ಟು, ಯಾವುದು ಸಲಿಂಗಾನುರಾಗಿಯದೆಂದು ಗುರುತಿಸಿ ಎಂದಾಗ, ನಾಣ್ಯವನ್ನು ಚಿಮ್ಮಿ ಹೇಳುವುದಕ್ಕಿಂತ ಉತ್ತಮವಾಗಿ ಹೇಳಲು ಅವರಿಂದ ಆಗಲಿಲ್ಲ. ೧೯೫೬ರಲ್ಲಿ ಹೂಕರ್ ಈ ಫಲಿತಾಂಶವನ್ನು ಷಿಕಾಗೊ ನಗರದ ಸಮ್ಮೇಳನದಲ್ಲಿ ಓದಿದರು. ೧೯೫೭ರಲ್ಲಿ ಅದು ಅಚ್ಚಾಯಿತು. ಅರವತ್ತು ಮಂದಿಯ ಒಂದು ಅಧ್ಯಯನದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಆದರೆ ಅನಂತರದ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸಿದುವು. ೧೯೭೩ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಮನೋರೋಗಗಳ ಪಟ್ಟಿಯಿಂದ ಸಲಿಂಗಾನುರಾಗವನ್ನು ತೆಗೆದುಹಾಕಿತು. ೧೯೯೦ರ ಮೇ ೧೭ರಂದು ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೆಯೇ ಮಾಡಿತು. ಅದೇ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ, ಲಿಂಗಾಂತರಿಗಳ ಸ್ಥಿತಿಯನ್ನೂ ಮನೋರೋಗಗಳ ಅಧ್ಯಾಯದಿಂದ ಹೊರತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಲಾಯಿತು. ಅಲ್ಲಿ ಅದನ್ನು ಉಳಿಸಿಕೊಂಡಿರುವುದು ಬೇಕೆನಿಸಿದವರಿಗೆ ಚಿಕಿತ್ಸೆ ದೊರೆಯಲೆಂದು.

ದಾರಿಯ ಪರೀಕ್ಷೆ

ದೀಪ ಕೆಟ್ಟಿಲ್ಲವೆಂದಮೇಲೆ ದಾರಿಯನ್ನು ನೋಡಬೇಕಷ್ಟೆ. ೨೦೦೩ರಲ್ಲಿ ಇಲಾನ್ ಮೈಯರ್ ಎಂಬ ವಿಜ್ಞಾನಿಯು ಅಲ್ಪಸಂಖ್ಯಾತರ ಒತ್ತಡ ಎಂಬ ಸಿದ್ಧಾಂತವನ್ನು ವಿಸ್ತಾರವಾಗಿ ನಿರೂಪಿಸಿದರು. ಎಲ್ಲರ ಬಾಳಿನಲ್ಲಿಯೂ ಚಿಂತೆಗಳಿರುವುವು. ಆದರೆ ಲೈಂಗಿಕ ಅಲ್ಪಸಂಖ್ಯಾತರಿಗೆ ಅವುಗಳ ಮೇಲೆ ಇನ್ನೊಂದು ಹೊರೆ ಬೀಳುತ್ತದೆ: ಅಪಮಾನ, ಹಿಂಸೆ, ಅವು ಎಂದು ಎದುರಾಗುವುವೋ ಎಂಬ ನಿರಂತರ ಎಚ್ಚರ, ತಮ್ಮ ನಿಜವನ್ನು ಮುಚ್ಚಿಡುವ ಶ್ರಮ, ಕೊನೆಗೆ ಲೋಕದ ತಿರಸ್ಕಾರವನ್ನು ತಾವೇ ನಂಬಿ ತಮ್ಮನ್ನು ತಾವು ಹಳಿದುಕೊಳ್ಳುವುದು.

ಲೋಹದ ಕಡ್ಡಿಯನ್ನು ಒಂದು ಸಲ ಬಗ್ಗಿಸಿದರೆ ಮುರಿಯುವುದಿಲ್ಲ. ಅಷ್ಟೇ ಬಲದಿಂದ ಅತ್ತಿತ್ತ ಹಲವು ಸಲ ಬಗ್ಗಿಸುತ್ತಿದ್ದರೆ ಮುರಿಯುತ್ತದೆ. ದೇಹದಲ್ಲಿಯೂ ಇದಕ್ಕೆ ಹೋಲುವ ಕ್ರಿಯೆಯುಂಟು. ಅಪಾಯದ ಸೂಚನೆ ಸಿಕ್ಕಿದೊಡನೆ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳನ್ನು ಸ್ರವಿಸುತ್ತವೆ. ರಕ್ತದ ಒತ್ತಡವೇರುತ್ತದೆ, ಸಕ್ಕರೆಯ ಅಂಶ ಹೆಚ್ಚುತ್ತದೆ. ಅಪಾಯ ಕಳೆದಮೇಲೆ ಎಲ್ಲವೂ ಮೊದಲಿನಂತಾಗಬೇಕು. ಅಪಾಯದ ನಿರೀಕ್ಷೆಯೇ ದಿನಚರಿಯಾದರೆ ದೇಹಕ್ಕೆ ವಿರಾಮವಿಲ್ಲ. ನಿದ್ರೆ, ಹೃದಯ, ಮನಸ್ಸು ಮೂರೂ ಸವೆಯುತ್ತವೆ.

ಸಿದ್ಧಾಂತವು ಸರಿಯಾದರೆ, ದಾರಿಯ ರೋಧವನ್ನು ತಗ್ಗಿಸಿದಾಗ ಆರೋಗ್ಯ ಸುಧಾರಿಸಬೇಕು. ಮನುಷ್ಯರ ಸಮಾಜದ ಮೇಲೆ ನಾವು ಪ್ರಯೋಗಶಾಲೆಯಲ್ಲಿನಂತೆ ಪ್ರಯೋಗ ಮಾಡಲಾಗದು. ಆದರೆ ಒಮ್ಮೊಮ್ಮೆ ಪ್ರಯೋಗವು ತಾನಾಗಿ ನಡೆದುಹೋಗುತ್ತದೆ. ಅಮೆರಿಕದ ಸಂಸ್ಥಾನಗಳು ಸಲಿಂಗ ವಿವಾಹಕ್ಕೆ ಕಾನೂನಿನ ಮನ್ನಣೆ ಕೊಟ್ಟದ್ದು ಒಂದೇ ವರ್ಷದಲ್ಲಲ್ಲ. ಒಂದೊಂದು ಸಂಸ್ಥಾನ ಒಂದೊಂದು ವರ್ಷದಲ್ಲಿ. ೧೯೯೯ರಿಂದ ೨೦೧೫ರವರೆಗೆ ಅಲ್ಲಿನ ಪ್ರೌಢಶಾಲೆಗಳ ಏಳು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಆರೋಗ್ಯ ಸಮೀಕ್ಷೆಗೆ ಕೊಟ್ಟ ಉತ್ತರಗಳನ್ನು ಸಂಶೋಧಕರು ತೆಗೆದುಕೊಂಡು, ಕಾನೂನು ಮಾಡಿದ ೩೨ ಸಂಸ್ಥಾನಗಳ ಹಿಂದುಮುಂದಿನ ಸ್ಥಿತಿಯನ್ನು ಮಾಡದ ೧೫ ಸಂಸ್ಥಾನಗಳ ಸ್ಥಿತಿಯೊಡನೆ ಹೋಲಿಸಿದರು. ಈ ಅಧ್ಯಯನವು ೨೦೧೭ರಲ್ಲಿ ಪ್ರಕಟವಾಯಿತು. ಕಾನೂನು ಬಂದ ಕಡೆ, ತಾವು ಆತ್ಮಹತ್ಯೆಗೆ ಪ್ರಯತ್ನಿಸಿದ್ದೆವೆಂದು ತಿಳಿಸಿದ ವಿದ್ಯಾರ್ಥಿಗಳ ಪ್ರಮಾಣವು ನೂರಕ್ಕೆ ೭ರಷ್ಟು ತಗ್ಗಿತ್ತು. ಲೈಂಗಿಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳಲ್ಲಿ ನೂರಕ್ಕೆ ೧೪ರಷ್ಟು ತಗ್ಗಿತ್ತು. ಮದುವೆಯ ವಯಸ್ಸಿಗೆ ಬಾರದ ಮಕ್ಕಳು ಇವರು. ಕಾನೂನಿನಿಂದ ಅವರಿಗೆ ದೊರೆತದ್ದು ಮದುವೆಯಲ್ಲ. ತಮಗೂ ಈ ಲೋಕದಲ್ಲಿ ಎಡೆಯುಂಟೆಂಬ ಭರವಸೆಯೆಂದು ತೋರುತ್ತದೆ.

ಕಾನೂನಿನ ರೋಧ

ಈಗ ನಮ್ಮ ದೇಶದ ದಾರಿಯನ್ನು ನೋಡೋಣ. ೧೮೬೦ರಲ್ಲಿ ರಚಿತವಾದ ಭಾರತೀಯ ದಂಡ ಸಂಹಿತೆಯ ೩೭೭ನೆಯ ಪ್ರಕರಣದಂತೆ ಸಲಿಂಗ ಸಂಬಂಧವು ಅಪರಾಧವಾಗಿತ್ತು. ಅಪರಾಧಿಯೆನಿಸುವ ಭಯವುಳ್ಳವನು ವೈದ್ಯರಿಗೆ ನಿಜವನ್ನು ಹೇಳುವುದು ಹೇಗೆ? ರೋಗಿಗೆ ಮಾತ್ರವಲ್ಲ, ರೋಗ ತಡೆಯಲು ಹೊರಟವರಿಗೂ ಈ ಭಯ ತಟ್ಟಿತು. ೨೦೦೧ರ ಜುಲೈಯಲ್ಲಿ ಲಕ್ನೋ ನಗರದಲ್ಲಿ ಏಡ್ಸ್ ತಡೆಯುವ ತಿಳುವಳಿಕೆ ಹಂಚುತ್ತಿದ್ದ ಕಾರ್ಯಕರ್ತರನ್ನು ಪೋಲೀಸರು ಬಂಧಿಸಿದರು. ಅವರು ಒಂದೂವರೆ ತಿಂಗಳಷ್ಟು ಕಾಲ ಸೆರೆಯಲ್ಲಿರಬೇಕಾಯಿತು.

ಅದೇ ವರ್ಷ ನಾಜ್ ಫೌಂಡೇಷನ್ ಎಂಬ ಸಂಸ್ಥೆಯು ದೆಹಲಿಯ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಈ ಮೊಕದ್ದಮೆಯಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಕೇಂದ್ರದ ಗೃಹ ಇಲಾಖೆಯು ಪ್ರಕರಣವನ್ನು ಸಮರ್ಥಿಸಿದರೆ, ಆರೋಗ್ಯ ಇಲಾಖೆಗೆ ಸೇರಿದ ಏಡ್ಸ್ ನಿಯಂತ್ರಣ ಸಂಸ್ಥೆಯು ೨೦೦೬ರಲ್ಲಿ ಅದಕ್ಕೆ ವಿರುದ್ಧವಾದ ಪ್ರಮಾಣಪತ್ರ ಸಲ್ಲಿಸಿತು: ಈ ಕಾನೂನಿನ ಭಯದಿಂದ ಜನರು ಮರೆಯಾಗುತ್ತಿದ್ದಾರೆ, ಮರೆಯಾದವರನ್ನು ತಲಪಿ ರೋಗವನ್ನು ತಡೆಯುವುದು ಅಸಾಧ್ಯವಾಗುತ್ತಿದೆ ಎಂಬುದು ಅದರ ಸಾರ. ೨೦೦೯ರಲ್ಲಿ ಉಚ್ಚ ನ್ಯಾಯಾಲಯವು ಈ ವಾದವನ್ನು ಒಪ್ಪಿತು. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ೨೦೧೮ರ ಸೆಪ್ಟೆಂಬರ್ ೬ರಂದು ಅದೇ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು, ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ಸಾರಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಪ್ರಕರಣವನ್ನು ಸೇರಿಸಲೇ ಇಲ್ಲ. ಈ ನಡುವೆ, ೨೦೧೪ರ ಏಪ್ರಿಲ್ ೧೫ರಂದು ಸರ್ವೋಚ್ಚ ನ್ಯಾಯಾಲಯವು ಲಿಂಗಾಂತರಿಗಳನ್ನು ಕುರಿತ ತೀರ್ಪಿನಲ್ಲಿ, ಆಸ್ಪತ್ರೆಗಳಲ್ಲಿ ಅವರಿಗೆ ತಕ್ಕ ಚಿಕಿತ್ಸೆಯನ್ನು ಒದಗಿಸಬೇಕೆಂದು ಸರ್ಕಾರಗಳಿಗೆ ಆದೇಶವಿತ್ತಿತು. ೨೦೧೭ರ ಮಾನಸಿಕ ಆರೋಗ್ಯ ಅಧಿನಿಯಮವು ಚಿಕಿತ್ಸೆಯಲ್ಲಿ ಲಿಂಗದ ಅಥವಾ ಲೈಂಗಿಕ ಒಲವಿನ ಆಧಾರದ ಮೇಲೆ ತಾರತಮ್ಯ ಮಾಡಕೂಡದೆಂದು ವಿಧಿಸಿತು.

ನಮೂನೆಯ ರೋಧ

ಕಾನೂನು ಬದಲಾದೊಡನೆ ದಾರಿಯೆಲ್ಲ ಸುಗಮವಾಗುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಚೀಟಿ ಬರೆಸುವಲ್ಲಿಯೇ ಎರಡನೆಯ ರೋಧ ಎದುರಾಗುತ್ತದೆ. ಗಂಡೋ ಹೆಣ್ಣೋ ಎಂದು ಗುಮಾಸ್ತನು ಗಟ್ಟಿಯಾಗಿ ಕೇಳುತ್ತಾನೆ. ಸರತಿಯ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಾರೆ. ಒಳರೋಗಿಯಾಗಿ ಸೇರಬೇಕಾದರೆ ಗಂಡಸರ ವಾರ್ಡೋ ಹೆಂಗಸರ ವಾರ್ಡೋ ಎಂಬ ಪ್ರಶ್ನೆ ಏಳುತ್ತದೆ. ಹೀಗೆ ಒಮ್ಮೆ ನಾಚಿ ಹಿಂದಿರುಗಿದವರು, ನೋವು ತಾಳಲಾರದಷ್ಟಾಗುವವರೆಗೆ ಮತ್ತೆ ಬಾರದಿರುವುದುಂಟು. ವೈದ್ಯಶಾಸ್ತ್ರದಲ್ಲಿ ತಡವೆಂಬುದು ಎಷ್ಟು ದುಬಾರಿಯೆಂದು ವಿವರಿಸಬೇಕಾಗಿಲ್ಲ.

ಈ ಎರಡು ಮನೆಗಳ ನಮೂನೆಯಿಂದ ಶುದ್ಧ ವೈಜ್ಞಾನಿಕ ತೊಡಕುಗಳೂ ಹುಟ್ಟುತ್ತವೆ. ರಕ್ತಹೀನತೆಯನ್ನು ನಿರ್ಧರಿಸಲು ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಮಾಡಿರುವ ಮಿತಿಯು ವಯಸ್ಕ ಪುರುಷರಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ ೧೩ ಗ್ರಾಂ ಹಿಮೋಗ್ಲೋಬಿನ್, ಗರ್ಭಿಣಿಯರಲ್ಲದ ಸ್ತ್ರೀಯರಲ್ಲಿ ೧೨ ಗ್ರಾಂ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಟೆಸ್ಟೊಸ್ಟಿರೋನ್ ಎಂಬ ಹಾರ್ಮೋನು. ಅದು ಮೂಳೆಯ ಮಜ್ಜೆಯಲ್ಲಿ ಕೆಂಪು ರಕ್ತಕಣಗಳ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಹೆಣ್ಣೆಂದು ದಾಖಲಾಗಿ ಹುಟ್ಟಿ, ಈಗ ವೈದ್ಯರ ಸಲಹೆಯಂತೆ ಟೆಸ್ಟೊಸ್ಟಿರೋನ್ ತೆಗೆದುಕೊಳ್ಳುತ್ತಿರುವ ವ್ಯಕ್ತಿಯ ಹಿಮೋಗ್ಲೋಬಿನ್ ೧೨.೪ ಎಂದು ಬಂದರೆ, ಹಳೆಯ ದಾಖಲೆಯನ್ನು ನೋಡುವ ಯಂತ್ರವು “ಸರಿಯಾಗಿದೆ” ಎನ್ನುತ್ತದೆ. ವಾಸ್ತವವಾಗಿ ಆ ವ್ಯಕ್ತಿಯ ದೇಹಕ್ಕೆ ಅನ್ವಯಿಸುವುದು ೧೩ರ ಮಿತಿ. ರೋಗ ಕಣ್ತಪ್ಪಿಹೋಗುತ್ತದೆ. ಅಳತೆ ಸರಿ, ಅಳತೆಗೋಲು ತಪ್ಪು.

ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು ಗರ್ಭಕಂಠದ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚಲು ಸ್ತ್ರೀಯರಿಗೆ ಪತ್ರ ಕಳುಹಿಸಿ ಪರೀಕ್ಷೆಗೆ ಕರೆಯುತ್ತದೆ. ಆದರೆ ಗರ್ಭಕಂಠವಿದ್ದೂ ಪುರುಷರೆಂದು ದಾಖಲಾದ ಲಿಂಗಾಂತರಿಗಳಿಗೆ ಬಹುಕಾಲ ಆ ಪತ್ರ ತಾನಾಗಿ ಹೋಗುತ್ತಿರಲಿಲ್ಲ. ಸಲಿಂಗಾನುರಾಗಿ ಸ್ತ್ರೀಯರಿಗೆ ಈ ಪರೀಕ್ಷೆ ಬೇಕಿಲ್ಲವೆಂಬ ತಪ್ಪು ನಂಬಿಕೆಯೂ ಹರಡಿತ್ತು. ಈ ಕ್ಯಾನ್ಸರಿಗೆ ಕಾರಣವಾದ ವೈರಸ್ಸು ಸ್ತ್ರೀಯರ ನಡುವೆಯೂ ದಾಟಬಲ್ಲದು. ಹಾಗೆಯೇ, ಶಸ್ತ್ರಚಿಕಿತ್ಸೆಯಾದ ಲಿಂಗಾಂತರಿ ಸ್ತ್ರೀಯರಲ್ಲಿಯೂ ಪ್ರಾಸ್ಟೇಟ್ ಗ್ರಂಥಿಯು ಸಾಮಾನ್ಯವಾಗಿ ಉಳಿದಿರುತ್ತದೆ. ಪರಿಹಾರವು ಸರಳ: ಯಾವ ಅಂಗವಿದೆಯೋ ಆ ಅಂಗದ ಪರೀಕ್ಷೆ; ಯಾವ ಹಾರ್ಮೋನು ದೇಹದಲ್ಲಿದೆಯೋ ಅದಕ್ಕೆ ತಕ್ಕ ಅಳತೆಗೋಲು. ಆದರೆ ಇದಕ್ಕೆ ರೋಗಿಯು ನಿಜವನ್ನು ಹೇಳಬೇಕು; ಹೇಳಿದುದನ್ನು ವೈದ್ಯರು ಗೌರವದಿಂದ ಕೇಳಬೇಕು.

ಅಜ್ಞಾನದ ರೋಧ

ಮೂರನೆಯ ರೋಧವಿರುವುದು ವೈದ್ಯಶಿಕ್ಷಣದಲ್ಲಿ. ಸಲಿಂಗಾನುರಾಗವನ್ನು ವಾಸಿಮಾಡುತ್ತೇವೆಂದು ಹೇಳಿ ಯುವಕ ಯುವತಿಯರನ್ನು ಪೀಡೆಗೆ ಗುರಿಮಾಡುತ್ತಿದ್ದ ‘ಪರಿವರ್ತನ ಚಿಕಿತ್ಸೆ’ಯ ವಿಷಯವನ್ನು ವಾಚಕರು ಕೇಳಿರಬಹುದು. ರೋಗವಲ್ಲದುದಕ್ಕೆ ಚಿಕಿತ್ಸೆಯೆಂಥದು? ೨೦೨೧ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ಇದನ್ನು ನಿಷೇಧಿಸಬೇಕೆಂದಿತು. ೨೦೨೨ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇಂಥ ಚಿಕಿತ್ಸೆ ಮಾಡುವುದು ವೃತ್ತಿಯ ದುರ್ನಡತೆಯೆಂದು ಘೋಷಿಸಿತು. ಆದರೂ ೨೦೨೪ರ ಆಗಸ್ಟ್‌ನಲ್ಲಿ ಅದೇ ಆಯೋಗ ಹೊರಡಿಸಿದ ವೈದ್ಯ ವಿದ್ಯಾರ್ಥಿಗಳ ಪಠ್ಯಕ್ರಮದಲ್ಲಿ ಸ್ತ್ರೀಯರ ಸಲಿಂಗಾನುರಾಗವು ಅಸ್ವಾಭಾವಿಕ ಅಪರಾಧಗಳ ಸಾಲಿನಲ್ಲಿ ಮತ್ತೆ ಕಾಣಿಸಿಕೊಂಡಿತು. ವಿರೋಧ ಬಂದಮೇಲೆ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ ತಿಂಗಳಲ್ಲಿ, ಅದನ್ನು ಹಿಂತೆಗೆದುಕೊಂಡು ತಿದ್ದಲಾಯಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು ಆರು ವರ್ಷಗಳಾದರೂ ಹಳೆಯ ಪಾಠ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ರೋಧ ತಗ್ಗಿದಾಗ

ಔಷಧದ ಕೊರತೆಯೆಂದು ಈಗ ಯಾರೂ ಹೇಳುವಂತಿಲ್ಲ. ಭಾರತ ಸರ್ಕಾರವು ೨೦೦೪ರಿಂದ ಎಚ್‌.ಐ.ವಿ. ಔಷಧವನ್ನು ಉಚಿತವಾಗಿ ಕೊಡುತ್ತಿದೆ. ಈ ಔಷಧದ ಪ್ರಭಾವ ಎಂಥದೆಂಬುದಕ್ಕೆ ೨೦೧೯ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೋಡಬಹುದು. ಹದಿನಾಲ್ಕು ಐರೋಪ್ಯ ದೇಶಗಳಲ್ಲಿ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ೭೮೨ ಪುರುಷ ಜೋಡಿಗಳನ್ನು ಸಂಶೋಧಕರು ಗಮನಿಸುತ್ತ ಬಂದರು. ಸೋಂಕಿದ್ದವರ ರಕ್ತದಲ್ಲಿ ಔಷಧದ ಬಲದಿಂದ ವೈರಸ್ಸು ತೀರ ಕುಗ್ಗಿತ್ತು. ಕಾಂಡೋಮಿನ ರಕ್ಷಣೆಯಿಲ್ಲದಿದ್ದರೂ ಸಂಗಾತಿಯಿಂದ ಸಂಗಾತಿಗೆ ಸೋಂಕು ದಾಟಿದ ನಿದರ್ಶನ ಒಂದೂ ಸಿಗಲಿಲ್ಲ. ಒಬ್ಬನಿಗೆ ಕೊಟ್ಟ ಚಿಕಿತ್ಸೆಯು ಇಬ್ಬರನ್ನು ಕಾಯುತ್ತದೆ. ಆದುದರಿಂದ ಚಿಕಿತ್ಸೆ ದೊರೆಯದೆ ಹಿಂದಿರುಗುವ ಪ್ರತಿಯೊಬ್ಬರಿಂದಲೂ ನಷ್ಟ ಇಡೀ ಸಮಾಜಕ್ಕೆ.

ಔಷಧವನ್ನು ಜನರ ಬಳಿಗೆ ತಲಪಿಸುವ ದಾರಿಯೂ ಗೊತ್ತಿಲ್ಲದ್ದೇನಲ್ಲ. ೨೦೦೩ರಲ್ಲಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ‘ಆವಾಹನ್’ ಎಂಬ ಏಡ್ಸ್ ತಡೆಯುವ ಯೋಜನೆಯನ್ನು ಗೇಟ್ಸ್ ಪ್ರತಿಷ್ಠಾನವು ಆರಂಭಿಸಿತು. ಲೈಂಗಿಕ ಕಾರ್ಮಿಕರು, ಪುರುಷರೊಡನೆ ಸಂಬಂಧವುಳ್ಳ ಪುರುಷರು, ಲಿಂಗಾಂತರಿಗಳು ಮೊದಲಾದವರನ್ನು ತಲಪುವುದಕ್ಕೆ ಆ ಸಮುದಾಯಗಳವರನ್ನೇ ಕಾರ್ಯಕರ್ತರನ್ನಾಗಿ ತರಬೇತುಗೊಳಿಸಲಾಯಿತು. ಹೊರಗಿನವರಿಗೆ ತೆರೆಯದ ಬಾಯಿ ತಮ್ಮವರೆದುರು ತೆರೆಯಿತು. ಮೊದಲ ಐದು ವರ್ಷಗಳಲ್ಲಿ ಈ ಯೋಜನೆಯಿಂದ ಸುಮಾರು ಒಂದು ಲಕ್ಷ ಹೊಸ ಸೋಂಕುಗಳು ತಪ್ಪಿದುವೆಂದು ೨೦೧೧ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕಾಚಾರವು ಅಂದಾಜು ಮಾಡಿತು.

೨೦೨೧ರಲ್ಲಿ ಹೈದರಾಬಾದಿನಲ್ಲಿ ‘ಮಿತ್ರ್’ ಎಂಬ ಚಿಕಿತ್ಸಾಲಯವು ಲಿಂಗಾಂತರಿಗಳಿಗಾಗಿ ಆರಂಭವಾಯಿತು. ಅಲ್ಲಿ ಕೆಲಸಮಾಡುವವರಲ್ಲಿಯೂ ಲಿಂಗಾಂತರಿಗಳಿದ್ದರು. ಜ್ವರಕ್ಕೆ ಔಷಧ, ಹಾರ್ಮೋನು ಚಿಕಿತ್ಸೆ, ಎಚ್‌.ಐ.ವಿ. ಪರೀಕ್ಷೆ, ಮನಸ್ಸಿಗೆ ಸಮಾಧಾನದ ಮಾತು, ಎಲ್ಲವೂ ಒಂದೇ ಸೂರಿನಡಿ ದೊರೆಯುತ್ತಿದ್ದುವು. ಆದರೆ ಅದರ ವೆಚ್ಚ ಬರುತ್ತಿದ್ದುದು ಅಮೆರಿಕ ಸರ್ಕಾರದ ನೆರವಿನಿಂದ. ೨೦೨೫ರ ಜನವರಿಯಲ್ಲಿ ಆ ನೆರವು ನಿಂತೊಡನೆ ಚಿಕಿತ್ಸಾಲಯವೂ ಮುಚ್ಚಿತು. ಸ್ವದೇಶದ ನೆರವು ದೊರೆತು ಪುನಃ ತೆರೆಯಲು ತಿಂಗಳುಗಳೇ ಹಿಡಿದುವು. ನಿತ್ಯವೂ ಹಾರ್ಮೋನು ಬೇಕಾದವರಿಗೆ ಆ ತಿಂಗಳುಗಳು ಎಷ್ಟು ದೀರ್ಘವಾಗಿದ್ದಿರಬೇಕು! ಪ್ರತ್ಯೇಕ ಚಿಕಿತ್ಸಾಲಯಗಳು ಬೇಕು. ಆದರೆ ಜಿಲ್ಲಾ ಆಸ್ಪತ್ರೆಯ ಬಾಗಿಲು, ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲು ಎಲ್ಲರಿಗೂ ಸಮನಾಗಿ ತೆರೆಯದೆ ಕೆಲಸ ಪೂರ್ಣವಾಗದು.

ಈ ದಿಕ್ಕಿನಲ್ಲಿಯೂ ಹೆಜ್ಜೆಗಳು ಬಿದ್ದಿವೆ. ೨೦೨೨ರ ಆಗಸ್ಟ್‌ನಲ್ಲಿ ಆಯುಷ್ಮಾನ್ ಭಾರತ ಯೋಜನೆಯಡಿ ಲಿಂಗಾಂತರಿಗಳಿಗೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗಿನ ಆರೋಗ್ಯ ರಕ್ಷಣೆಯನ್ನು ಒದಗಿಸಲು ಕೇಂದ್ರದ ಎರಡು ಸಂಸ್ಥೆಗಳು ಒಪ್ಪಂದ ಮಾಡಿಕೊಂಡುವು. ಅದೇ ವರ್ಷದ ಕೊನೆಯಲ್ಲಿ ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಯಲ್ಲಿ ಪ್ರಾಚಿ ರಾಥೋಡ್ ಮತ್ತು ರೂತ್ ಜಾನ್ ಪಾಲ್ ಎಂಬ ಇಬ್ಬರು ಲಿಂಗಾಂತರಿ ವೈದ್ಯರು ಸರ್ಕಾರಿ ಕೆಲಸಕ್ಕೆ ಸೇರಿದರು. ಕರ್ನಾಟಕ ಸರ್ಕಾರವು ೨೦೨೧ರಲ್ಲಿಯೇ ತನ್ನ ನೇಮಕಾತಿಗಳಲ್ಲಿ ಲಿಂಗಾಂತರಿಗಳಿಗೆ ನೂರಕ್ಕೆ ೧ರಷ್ಟು ಸ್ಥಾನಗಳನ್ನು ಮೀಸಲಿರಿಸಿತು. ಚೀಟಿ ಬರೆಯುವ ಗುಮಾಸ್ತೆಯೂ ಚುಚ್ಚುಮದ್ದು ಕೊಡುವ ದಾದಿಯೂ ಇವರೇ ಆದ ದಿನ, ಸರತಿಯ ಸಾಲಿನಲ್ಲಿ ತಿರುಗಿ ನೋಡುವವರ ಸಂಖ್ಯೆ ತಾನಾಗಿ ತಗ್ಗುವುದು.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ, ಕೆಲವರು ದಾದಿಯರಾಗುವಿರಿ. ಆಸ್ಪತ್ರೆಯ ಗಣಕಯಂತ್ರಕ್ಕೆ ನಮೂನೆಗಳನ್ನು ರಚಿಸುವವರೂ ನಿಮ್ಮಲ್ಲಿಯೇ ಇದ್ದಾರೆ. ನಿಮ್ಮ ಕೈಯಲ್ಲಿ ರೋಧವು ಹೆಚ್ಚಲೂ ಬಹುದು, ತಗ್ಗಲೂ ಬಹುದು. ತರಗತಿಯಲ್ಲಿ ಒಬ್ಬ ಸಹಪಾಠಿಯ ನಡಿಗೆಯನ್ನೋ ಮಾತಿನ ರೀತಿಯನ್ನೋ ಹಿಡಿದು ನಗುವುದು ಸಣ್ಣ ವಿಷಯವೆಂದು ತೋರಬಹುದು. ಲೋಹದ ಕಡ್ಡಿಗೆ ಅದು ಇನ್ನೊಂದು ಬಾಗು.

ಓದುತ್ತಿರುವವರಲ್ಲಿ ಕೆಲವರಿಗೆ ಇದು ತಮ್ಮದೇ ಕಥೆಯೆಂದೂ ಅನ್ನಿಸಿರಬಹುದು. ಅವರಿಗೆ ನಾವು ಹೇಳುವುದಿಷ್ಟು: ನಿಮ್ಮಲ್ಲಿ ದೋಷವಿಲ್ಲವೆಂಬುದು ನಮ್ಮ ಸಮಾಧಾನದ ಮಾತಲ್ಲ, ಪರೀಕ್ಷಿಸಿ ಕಂಡುಕೊಂಡ ಮಾತು. ಮನಸ್ಸು ತಾಳಲಾರದಷ್ಟು ಭಾರವಾದಾಗ ನಂಬಿಕೆಯ ಒಬ್ಬರೊಡನೆ ಮಾತನಾಡಿ. ೨೦೨೨ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯನ್ನು ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದು. ಅದಕ್ಕೆ ಮಾರ್ಗದರ್ಶನ ಮಾಡುತ್ತಿರುವುದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ. ಕರೆಗೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.